ಗಾಜಿನೊಳಗಿನ ಕುರ್ಚಿ

ಮೂವತ್ತೊಂದು ವರ್ಷದಲ್ಲಿ ನಮ್ಮ ಕುರ್ಚಿಯ ಮೇಲೆ ಒಂದೇ ಒಂದು ದೂರು ಬಂದಿಲ್ಲ ಎಂದು ಯಜಮಾನರು ಹೇಳದ ದಿನವಿರಲಿಲ್ಲ. ಮರ ಇಳಿಸಲು ಬಂದ ಲಾರಿ ಡ್ರೈವರಿಗೆ ಹೇಳುತ್ತಿದ್ದರು, ಅಂಚೆಯವನಿಗೆ ಹೇಳುತ್ತಿದ್ದರು, ಯಾವುದೋ ವಿಳಾಸ ಹುಡುಕುತ್ತ ತಪ್ಪಿ ಒಳಗೆ ಬಂದವರನ್ನೂ ಬಿಡುತ್ತಿರಲಿಲ್ಲ. ದಾರಿ ಕೇಳಲು ಬಂದವನು ದಾರಿ ಮರೆತು ಕುರ್ಚಿಯ ಚರಿತ್ರೆ ಕಲಿತು ಹೋಗುತ್ತಿದ್ದ.

ಕಾರ್ಖಾನೆ ಎಂದರೆ ಹೊಗೆ ಉಗುಳುವಂಥದ್ದೇನಲ್ಲ. ಉದ್ದನೆಯ ಒಂದು ಶೆಡ್ಡು, ಅದರೊಳಗೆ ಹದಿನಾಲ್ಕು ಜನ ಕೆಲಸಗಾರರು, ಮುಂದೆ ಬೀದಿಗೆ ತೆರೆದುಕೊಂಡ ಆಫೀಸು, ಹಿಂದೆ ಯಜಮಾನರ ಮನೆ. ಮನೆಗೂ ಶೆಡ್ಡಿಗೂ ನಡುವೆ ಒಂದು ಹಿತ್ತಲ ಬಾಗಿಲು. ಅಲ್ಲಿ ತಯಾರಾಗುವುದು ಒಂದೇ ಸಾಮಾನು, ಮಡಚುವ ಮರದ ಕುರ್ಚಿ. ಸಭೆ, ನಾಟಕ, ಶಾಲೆ, ಎಲ್ಲಿ ಜನ ಸಾಲಾಗಿ ಕೂರಬೇಕೋ ಅಲ್ಲಿಗೆ ಹೋಗುವ ಕುರ್ಚಿ. ಬೀದಿಯ ಬೋರ್ಡಿನ ಮೇಲೆ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹೀಗೆ ಬರೆಸಿದ್ದರು: ‘ಅಂದು ಹೇಗೋ ಇಂದೂ ಹಾಗೇ.’

ಆಫೀಸಿನ ಗೋಡೆಯಲ್ಲಿ, ಯಜಮಾನರು ಕೂರುವ ಮೆತ್ತನೆಯ ಕುರ್ಚಿಯ ಹಿಂದೆ, ಗಾಜಿನ ಪೆಟ್ಟಿಗೆಯೊಳಗೆ ಮಡಚಿದ ಒಂದು ಹಳೆಯ ಕುರ್ಚಿ ನೇತಾಡುತ್ತಿತ್ತು. ಅವರ ಅಪ್ಪ ಕೈಯಾರೆ ಮಾಡಿದ ಮೊಟ್ಟಮೊದಲ ಕುರ್ಚಿ ಅದು. ಅಪ್ಪ ಇರುವ ತನಕ ಅದು ಶೆಡ್ಡಿನೊಳಗೆ, ಅವರ ಕೆಲಸದ ಮೇಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಒಂದು ಬೆಳಗ್ಗೆ ಅಪ್ಪ ಅದೇ ಮೇಜಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಆಗ ಮಗನಿಗೆ ಇಪ್ಪತ್ತೇಳು. ಅಲ್ಲಿಯವರೆಗೆ ಊರೂರು ತಿರುಗಿ ಕುರ್ಚಿ ಮಾರುವುದಷ್ಟೇ ಗೊತ್ತಿದ್ದ ಮಗ, ಯಜಮಾನಿಕೆ ಕೈಗೆ ಬಂದಕೂಡಲೆ ಮಾಡಿದ ಮೊದಲ ಕೆಲಸ ಎಂದರೆ ಆ ಕುರ್ಚಿಯನ್ನು ಮೊಳೆಯಿಂದ ಇಳಿಸಿ, ಬಿಚ್ಚಿಯೂ ನೋಡದೆ, ಗಾಜು ಹಾಕಿಸಿದ್ದು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಾಗಿ ಗಾಜಿನ ಮೇಲೆ ಕೈಯಿಟ್ಟು “ಕೂದಲೆಳೆಯಷ್ಟೂ ಬದಲಾಯಿಸಲ್ಲ” ಎಂದು ಹೇಳಿಸಿದರು. ಅಂದಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಮೊದಲ ದಿನ ಇದನ್ನು ಹೇಳಿಯೇ ಉಳಿ ಹಿಡಿಯಬೇಕು. ಅವತ್ತು ಮೇಸ್ತ್ರಿಯ ಸರದಿ ಬಂದಾಗ ಅವರಿಗೆ ಜೋರು ಕೆಮ್ಮು ಹತ್ತಿತ್ತು. ಹೇಳಿದರೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ.

ಈ ಮೇಸ್ತ್ರಿ ಅಪ್ಪನ ಕಾಲದವರು, ಅಪ್ಪನ ಕೈಕೆಳಗೆ ಕೆಲಸ ಕಲಿತವರು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಅರೆನೂಲು’ ಎಂದು. ಇಂಚಿನ ಎಂಟರಲ್ಲಿ ಒಂದು ಪಾಲಿಗೆ ಬಡಗಿಗಳು ಒಂದು ನೂಲು ಎನ್ನುತ್ತಾರೆ. ಅದರಲ್ಲೂ ಅರ್ಧವನ್ನು ಬರಿಗಣ್ಣಲ್ಲಿ ಹಿಡಿಯುವ ಗಂಡಸು ಇವರೊಬ್ಬರೇ. ಮಾತು ಕಡಿಮೆ. ಯಜಮಾನರು ಏನು ಹೇಳಿದರೂ “ಆಗ್ಲಿ ಯಜಮಾನ್ರೇ” ಎನ್ನುವುದು, ಕಿವಿಯ ಮೇಲಿನ ಪೆನ್ಸಿಲನ್ನು ಮುಟ್ಟಿ ನೋಡಿಕೊಳ್ಳುವುದು, ಒಳಗೆ ಹೋಗುವುದು. ಮೂವತ್ತೊಂದು ವರ್ಷದ ಸಂಭಾಷಣೆ ಇಷ್ಟೇ.

ಈ ಊರಿನಲ್ಲಿ ಒಂದು ಕಾಲಕ್ಕೆ ಇನ್ನೂ ಮೂರು ಕುರ್ಚಿ ಅಂಗಡಿಗಳಿದ್ದವು. ಮೂರೂ ಮುಚ್ಚಿದವು. ಅದಕ್ಕೆ ಯಜಮಾನರ ಬಳಿ ಸಿದ್ಧ ಉತ್ತರವಿತ್ತು: “ಬದಲಾಯಿಸಿದ್ರು, ಬಾಗಿಲು ಹಾಕ್ಕೊಂಡ್ರು.” ಯಾರಾದರೂ ಅಡ್ಡ ಮಾತಾಡಿದರೆ ಮುಗಿಯಿತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ವರ್ಷ ಹೊಸ ಸಭಾಂಗಣ ಎದ್ದಿತ್ತು. ಎಂಟುನೂರು ಕುರ್ಚಿ ಬೇಕು. ದೂರದ ದೊಡ್ಡ ಕಂಪನಿಯೊಂದು ಕಬ್ಬಿಣದ ಕುರ್ಚಿ ಕೊಡುತ್ತೇನೆಂದು ಬಂದು ನಿಂತಿತ್ತು. ಈ ಆರ್ಡರು ಸಿಕ್ಕಿದರೆ ಶೆಡ್ಡಿಗೆ ಆರು ತಿಂಗಳು ಕೆಲಸ. ಸಿಗದಿದ್ದರೆ ಹದಿನಾಲ್ಕು ಜನರಲ್ಲಿ ಏಳು ಜನರನ್ನು ಮನೆಗೆ ಕಳಿಸಬೇಕು. ಯಾವ ಏಳು ಎಂಬುದನ್ನು ಯಜಮಾನರು ಮನಸ್ಸಿನಲ್ಲೇ ಹತ್ತು ಸಲ ಆರಿಸಿ ಹತ್ತು ಸಲವೂ ಅರ್ಧಕ್ಕೆ ಬಿಟ್ಟಿದ್ದರು. ಶನಿವಾರ ಸಭಾಂಗಣದ ಮ್ಯಾನೇಜರಮ್ಮ ಖುದ್ದಾಗಿ ನೋಡಲು ಬರುವವರಿದ್ದರು.

ಬುಧವಾರ ಮಧ್ಯಾಹ್ನ ಊಟ ಬೇಗ ಮುಗಿಸಿ, ಯಜಮಾನರು ಎಂದೂ ಬರದ ಹೊತ್ತಿನಲ್ಲಿ ಶೆಡ್ಡಿಗೆ ಬಂದರು. ಬೇರೆಯವರೆಲ್ಲ ಹೊರಗೆ ನೆರಳಲ್ಲಿ ಕುಳಿತಿದ್ದರು. ಮೇಸ್ತ್ರಿ ಒಬ್ಬರೇ ಮೂಲೆಯಲ್ಲಿ ಬಗ್ಗಿ, ಆಸನದ ಮುಂದಿನ ಪಟ್ಟಿಯ ಬಲತುದಿಯನ್ನು ಉಳಿಯಿಂದ ನವುರಾಗಿ ಸವರುತ್ತಿದ್ದರು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಒಂದು ಸುರುಳಿ ನೆಲಕ್ಕೆ ಬಿತ್ತು.

“ಏನ್ ಮಾಡ್ತಾ ಇದ್ದೀರಿ ಮೇಸ್ತ್ರಿ?”

ಮೇಸ್ತ್ರಿ ಬೆಚ್ಚಲಿಲ್ಲ. ಉಳಿಯನ್ನು ಕೆಳಗಿಟ್ಟರು. “ಅಂಚು ಒಂಚೂರು ತೆಗೀತಿದೀನಿ.”

“ಅಳತೆ ಪ್ರಕಾರ ಇರ್ಲಿಲ್ವಾ ಪಟ್ಟಿ?”

“ಅಳತೆ ಪ್ರಕಾರ ಇತ್ತು.”

“ಮತ್ತೆ ತೆಗೀತಿರೋದು ಯಾಕೆ? ಎಷ್ಟು ತೆಗೀತೀರಿ?”

“ಅರೆನೂಲು.”

ಯಜಮಾನರು ಬಗ್ಗಿ ಆ ಸುರುಳಿಯನ್ನು ಎತ್ತಿ ನೋಡಿದರು. ಅಪ್ಪನ ಅಳತೆಯನ್ನು, ಅದೂ ಅಪ್ಪನೇ ಸಾಕಿ ಕಲಿಸಿದ ಕೈ, ಎಲ್ಲರೂ ಊಟಕ್ಕೆ ಹೋದಾಗ ಕದ್ದು ಕೆತ್ತುವುದೆಂದರೆ. ಹೊರಗಿನವನಾಗಿದ್ದರೆ ಬೈದು ಮುಗಿಸುತ್ತಿದ್ದರು. ಇವರ ಮುಂದೆ ಬೈಗುಳವೂ ಬರಲಿಲ್ಲ.

“ಶನಿವಾರ ಮ್ಯಾನೇಜರಮ್ಮ ಬಂದು ಹೋಗೋವರೆಗೂ ಇರಿ. ಆಮೇಲೆ ನಿಮ್ಮ ಉಳಿ, ಹತ್ತರಿ ಎಲ್ಲ ತಗೊಂಡು ಹೊರಡಿ. ಗಾಜು ಮುಟ್ಟಿ ಮಾತು ಕೊಟ್ಟವರು ನೀವು.”

ಮೇಸ್ತ್ರಿ ಅವರ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ, “ಆಗ್ಲಿ ಯಜಮಾನ್ರೇ” ಎಂದರು.

ಸುದ್ದಿ ಕೇಳಿದ ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದು ನಿಲ್ಲಿಸಿದಳು. “ಅವರನ್ನ ಕಳಿಸಿದ್ರೆ ಬೋರ್ಡನ್ನೂ ಇಳಿಸಿಬಿಡಿ” ಎಂದಳು.

“ಕುರ್ಚಿ ಅಪ್ಪಂದು ಕಣೇ, ಮೇಸ್ತ್ರೀದಲ್ಲ. ಅಳತೆ ಇದ್ರೆ ಯಾರು ಬೇಕಾದ್ರೂ ಮಾಡ್ತಾರೆ.”

ಅವಳು ಬಾಯಿ ತೆರೆದಳು, ಏನೋ ಯೋಚಿಸಿ ಮುಚ್ಚಿಕೊಂಡಳು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸಿಗೆ ಅದರ ಅರ್ಥ ಗೊತ್ತಾಗಬೇಕಿತ್ತು. ಆದರೆ ಇವರಿಗೆ ಹೆಂಡತಿ ಸುಮ್ಮನಾದರೆ ತಾವು ಗೆದ್ದೆವು ಎಂದೇ ಲೆಕ್ಕ.

ಶನಿವಾರ ಹತ್ತು ಗಂಟೆಗೆ ಮ್ಯಾನೇಜರಮ್ಮ ಬಂದರು. ನಲವತ್ತರ ಆಸುಪಾಸಿನ, ಚುರುಕು ಕಣ್ಣಿನ ಹೆಂಗಸು. ಕೈಚೀಲದಲ್ಲಿ ತಮ್ಮದೇ ಅಳತೆ ಟೇಪು ತಂದಿದ್ದರು.

“ನಿಮ್ಮ ಕುರ್ಚಿ ಮೇಲೆ ನಾನು ಎಷ್ಟೋ ಸಲ ಕೂತಿದೀನಿ. ನನಗೇನೋ ಇಷ್ಟಾನೇ. ಆದ್ರೆ ನಮ್ಮ ಕಮಿಟೀಲಿ, ಐವತ್ತು ವರ್ಷದ ಹಳೇ ಕುರ್ಚಿ ಯಾಕೆ ಅಂತಾರೆ.”

ಯಜಮಾನರು ಕಾಯುತ್ತಿದ್ದದ್ದು ಇದೇ ಮಾತಿಗೆ. ಮುಖ ಅರಳಿತು. “ಹಳೇದು ಅಂದ್ರೆ ಏನಮ್ಮಾ? ಐವತ್ತೊಂದು ವರ್ಷ ಗೆದ್ದು ಬಂದಿದ್ದು ಅಂತ. ನಿಮಗೆ ಇವತ್ತು ಒಂದು ತೋರಿಸ್ತೀನಿ. ಇದುವರೆಗೆ ಯಾರಿಗೂ ಬಿಚ್ಚಿ ತೋರಿಸಿಲ್ಲ.” ಗಾಜಿನ ಪೆಟ್ಟಿಗೆಯ ಕಡೆ ಕೈ ಮಾಡಿ ಕೆಲಸಗಾರರಿಗೆ ಹೇಳಿದರು, “ಬಿಚ್ಚಿ ಅದನ್ನ.”

ಶೆಡ್ಡು ಪೂರ್ತಿ ನಿಂತುಹೋಯಿತು. ಹದಿನಾಲ್ಕು ಜನವೂ ಆಫೀಸಿನ ಬಾಗಿಲಿಗೆ ಬಂದು ಮುತ್ತಿದರು. ಸ್ಕ್ರೂಗಳು ತುಕ್ಕು ಹಿಡಿದಿದ್ದವು; ಒಂದೊಂದೂ ಕಿರುಗುಟ್ಟಿಕೊಂಡೇ ಈಚೆಗೆ ಬಂತು. ಯಜಮಾನರು ಹಳೆಯ ಕುರ್ಚಿಯನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿ ನೆಲಕ್ಕಿಟ್ಟರು. ಪಕ್ಕದಲ್ಲಿ ಆ ವಾರವಷ್ಟೇ ತಯಾರಾದ ಒಂದು ಹೊಸ ಕುರ್ಚಿ ಇಡಿಸಿದರು.

“ಇದರಲ್ಲಿ ಕೂತು ನೋಡಿ, ಅದರಲ್ಲಿ ಕೂತು ನೋಡಿ. ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕಿದ್ರೆ ಎಂಟುನೂರು ಕುರ್ಚೀನೂ ಪುಕ್ಕಟೆ ಕೊಡ್ತೀನಿ.”

ಮೇಸ್ತ್ರಿ ಗುಂಪಿನ ಹಿಂದಿನಿಂದ, “ಯಜಮಾನ್ರೇ, ಅದು ಬೇಡ” ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ಬೇಡ ಎಂದದ್ದು ಅದೇ ಮೊದಲು. ಯಜಮಾನರು ತಿರುಗಿಯೂ ನೋಡಲಿಲ್ಲ. ಹಳೆಯ ಕುರ್ಚಿಯ ಎರಡು ಕಾಲುಗಳನ್ನು ಹಿಡಿದು ಅಗಲಿಸಿದರು.

ಕುರ್ಚಿ ಕಚ್ಚಿತು. ಕೀಲಿನ ಹತ್ತಿರದ ಸಂದಿಯಲ್ಲಿ ಹೆಬ್ಬೆರಳು ಸಿಕ್ಕಿ, ಉಗುರಿನ ಬುಡದಿಂದ ರಕ್ತ ಬಂತು. ಯಜಮಾನರು ಬೆರಳನ್ನು ಬಾಯಿಗಿಟ್ಟುಕೊಂಡು ನಕ್ಕರು. “ತುಂಬ ದಿನ ಮಲಗಿತ್ತಲ್ಲ, ಕೋಪ ಬಂದಿದೆ.” ಯಾರೂ ನಗಲಿಲ್ಲ.

ಅವರೇ ಕುಳಿತರು. ಕಾಲಿನ ಮೇಲೆ ಕಾಲು ಹಾಕಿಕೊಂಡರು. “ನೋಡಿ ಮ್ಯಾನೇಜರಮ್ಮ, ಅಂದು ಹೇಗೋ” ಎನ್ನುತ್ತ ಆರಾಮವಾಗಿ ಹಿಂದಕ್ಕೆ ಒರಗಿದರು. ಇಂದೂ ಹಾಗೇ ಎನ್ನುವಷ್ಟರಲ್ಲಿ ಕುರ್ಚಿ ಮಗುಚಿಕೊಂಡಿತು. ಯಜಮಾನರ ಎರಡು ಕಾಲೂ ಮೇಲಕ್ಕೆ ಹೋದವು, ತಲೆ ಗೋಡೆಗೆ ಬಡಿಯಿತು, ಒಂದು ಚಪ್ಪಲಿ ಹಾರಿ ಖಾಲಿ ಗಾಜಿನ ಪೆಟ್ಟಿಗೆಯೊಳಗೇ ಹೋಗಿ ಬಿತ್ತು.

ಬೇರೆ ದಿನವಾಗಿದ್ದರೆ ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅವತ್ತು ಗರಬಡಿದ ಹಾಗೆ ನಿಂತಿತ್ತು. ಮ್ಯಾನೇಜರಮ್ಮ ಮತ್ತು ಮೇಸ್ತ್ರಿ ಸೇರಿ ಅವರನ್ನು ಎಬ್ಬಿಸಿದರು.

“ಒಂದು ನಿಮಿಷ” ಎಂದು ಮ್ಯಾನೇಜರಮ್ಮ ಹೊಸ ಕುರ್ಚಿಯಲ್ಲಿ ಕುಳಿತು, ಬೇಕೆಂದೇ ಜೋರಾಗಿ ಹಿಂದಕ್ಕೆ ಒರಗಿದರು. ಕುರ್ಚಿ ಅಲುಗಾಡಲಿಲ್ಲ. ಮಡಚಿ ಬಿಚ್ಚಿ ನೋಡಿದರು, ಬೆರಳು ಸಿಕ್ಕಲಿಲ್ಲ. “ಯಜಮಾನ್ರೇ, ಇವೆರಡೂ ಒಂದೇ ಕುರ್ಚಿ ಅಲ್ವಲ್ಲ” ಎಂದರು.

“ಅಲ್ಲ ಅಂದ್ರೆ?” ಯಜಮಾನರು ಅವರ ಕೈಯಿಂದ ಟೇಪು ಕಿತ್ತುಕೊಂಡ ಹಾಗೆಯೇ ತೆಗೆದುಕೊಂಡು ಮಂಡಿಯೂರಿದರು. ಹಳೆಯದರ ಹಿಂಗಾಲು ಅಳೆದರು, ಹೊಸದರದ್ದು ಅಳೆದರು. ಎರಡೂವರೆ ನೂಲು ವ್ಯತ್ಯಾಸ. ತಪ್ಪಿರಬೇಕೆಂದು ಮತ್ತೆ ಅಳೆದರು. ಕೀಲಿನ ತೂತು ಬೇರೆ ಜಾಗದಲ್ಲಿತ್ತು. ಹಳೆಯದರ ಬೆನ್ನಿನ ಪಟ್ಟಿ ಚಪ್ಪಟೆ; ಹೊಸದು ಅಂಗೈ ಹಾಗೆ ಸ್ವಲ್ಪ ಒಳಗೆ ಬಾಗಿತ್ತು. ಆಸನದ ಇಳಿಜಾರು ಬೇರೆ, ಪಟ್ಟಿಗಳ ನಡುವಿನ ಸಂದು ಬೇರೆ, ಮೂಲೆಗಳು ಬೇರೆ. ಕಾಲಿನ ತುದಿಗೆ ರಬ್ಬರು ಹಾಕಿತ್ತು. ಅದು ಯಾವಾಗ ಬಂತು? ಆ ರಬ್ಬರನ್ನು ಪ್ರತಿ ತಿಂಗಳು ತರಿಸುವ ಚೀಟಿಗೆ ಸಹಿ ಹಾಕುತ್ತಿದ್ದವರು ತಾವೇ. ಯಾಕೆಂದು ಒಂದು ದಿನವೂ ಕೇಳಿರಲಿಲ್ಲ. ಒಂದೇ ಒಂದು ಅಳತೆಯೂ ಕೂಡಲಿಲ್ಲ.

ಅಂದರೆ ಮೂವತ್ತೊಂದು ವರ್ಷ ತಾವು ಮಾರಿದ್ದು ಯಾವ ಕುರ್ಚಿ? ಲಾರಿ ಡ್ರೈವರಿಗೆ, ಅಂಚೆಯವನಿಗೆ, ದಾರಿ ಕೇಳಿದವರಿಗೆ ಹೇಳಿದ್ದೆಲ್ಲ ಏನು? ಬುಧವಾರದ ಅರೆನೂಲು ಮೊದಲನೆಯ ಕಳ್ಳತನವಲ್ಲ, ಕೊನೆಯದು.

“ನೀನಾ?” ಎಂದರು ಮೇಸ್ತ್ರಿಯ ಕಡೆ ತಿರುಗಿ. ಅವರನ್ನು ಏಕವಚನದಲ್ಲಿ ಕರೆದದ್ದು ಜನ್ಮದಲ್ಲಿ ಮೊದಲು. “ಮೂವತ್ತೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ಯಾ? ನಮ್ಮಪ್ಪನ ಅನ್ನ ತಿಂದವನು ನೀನು.”

ಮೇಸ್ತ್ರಿ ಸೊಂಟಕ್ಕೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚತೊಡಗಿದರು.

“ಅವರೊಬ್ರೇ ಅಲ್ಲ” ಎಂದು ಹಿಂದಿನಿಂದ ದನಿ ಬಂತು. ಬಿದ್ದ ಸದ್ದಿಗೆ ಓಡಿಬಂದು, ಅಳತೆ ನಡೆಯುವುದನ್ನು ನೋಡಿ ಮನೆಗೆ ಹೋಗಿ ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. “ನಾನೂ ಸೇರಿದೀನಿ.”

ಡಬ್ಬಿಯ ತುಂಬ ಚೀಟಿಗಳಿದ್ದವು, ಎಲ್ಲ ಅವಳದೇ ಅಕ್ಷರ. ಯಜಮಾನರು ಒಂದೊಂದೇ ಬಿಡಿಸಿದರು. ‘ಶಾಲೆಯ ಹೆಡ್‌ಮಾಸ್ತರು: ಮಕ್ಕಳ ಬೆರಳು ಸಿಕ್ಕುತ್ತೆ.’ ‘ನಾಟಕದವರು: ಎಳೆದರೆ ನೆಲ ಗೀರುತ್ತೆ.’ ‘ದಪ್ಪಗಿನ ಲಾಯರು: ಒರಗಲು ಭಯ.’ ‘ಮಳೆಯಲ್ಲಿ ನೆನೆದರೆ ಪಟ್ಟಿ ಉಬ್ಬಿ ಮಡಚೋಕಾಗಲ್ಲ.’ ‘ಗರ್ಭಿಣಿ: ಏಳುವಾಗ ಹಿಡಿಯಲು ಏನೂ ಇಲ್ಲ.’

“ಇದೆಲ್ಲ ಏನೇ?”

“ದೂರು.”

“ನಮಗೆ ದೂರೇ ಬಂದಿಲ್ಲ.”

“ಮುಂದಿನ ಬಾಗಿಲಿಗೆ ಈಗ ಬರಲ್ಲ, ನಿಜ. ಮೊದಮೊದಲು ಬರೋರು. ನೀವು ಏನಂತಿದ್ರಿ ನೆನಪಿದ್ಯಾ? ‘ಕುರ್ಚಿ ಸರಿಯಾಗಿದೆ, ನಿಮಗೆ ಕೂರೋಕೆ ಬರಲ್ಲ’ ಅಂತಿದ್ರಿ. ಪಾಪ ಆ ಹೆಡ್‌ಮಾಸ್ತರಿಗೇ ಹಾಗಂದ್ರಿ. ಅವರು ಮುಖ ಸಣ್ಣದು ಮಾಡ್ಕೊಂಡು ಹೋಗ್ತಿದ್ರು, ಹಿತ್ತಲ ಬಾಗಿಲಿಂದ ಕರೆದು ಒಂದು ಲೋಟ ಟೀ ಕೊಟ್ಟೆ. ಆಮೇಲೆ ಎಲ್ಲಾರೂ ಅಲ್ಲಿಗೇ ಬರೋಕೆ ಶುರು ಮಾಡಿದ್ರು. ನಾನು ಬರೆದು ಮೇಸ್ತ್ರಿಗೆ ಕೊಡ್ತಿದ್ದೆ, ಅವರು ಸರಿ ಮಾಡಿ ಚೀಟಿ ವಾಪಸ್ ಕೊಡೋರು.”

ಊರಿಗೆಲ್ಲ ಗೊತ್ತಿದ್ದ ಹಿತ್ತಲ ಬಾಗಿಲು ತಮಗೊಬ್ಬರಿಗೇ ಗೊತ್ತಿರಲಿಲ್ಲ. ದೀಪದ ಕೆಳಗೆ ಕತ್ತಲು ಎಂದು ಬೇರೆಯವರಿಗೆ ಹೇಳಿ ನಕ್ಕವರು ಅವರೇ. ಈಗ ಬಾಗಿಲಾಚೆ ಶೆಡ್ಡಿನಲ್ಲಿ, ಮೇಸ್ತ್ರಿಯ ಮೂಲೆಯಲ್ಲಿ ತೂಗುಹಾಕಿದ್ದ ಮರದ ಅಳತೆಪಟ್ಟಿಗಳ ಕಡೆ ಕಣ್ಣು ಹೋಯಿತು. ಎದ್ದು ಕುಂಟುತ್ತ ಹೋಗಿ ನೋಡಿದರು. ಪ್ರತಿ ಪಟ್ಟಿಯ ಹಿಂದೆಯೂ ಪೆನ್ಸಿಲಿನಲ್ಲಿ ಸಣ್ಣದೊಂದು ಸಂಖ್ಯೆ, ತಾರೀಖು, ತೆಗೆದದ್ದೆಷ್ಟು, ಸೇರಿಸಿದ್ದೆಷ್ಟು. ಕೊನೆಯ ಸಂಖ್ಯೆ ನಲವತ್ತಮೂರು. ಯಾವುದೂ ಮೂರು ನೂಲು ದಾಟಿರಲಿಲ್ಲ. ಒಂದು ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಹನಿಹನಿಗೂಡಿ ಹಳ್ಳವಾಗಿತ್ತು, ಆ ಹಳ್ಳದ ನೀರು ಕುಡಿದೇ ಹದಿನಾಲ್ಕು ಮನೆ ಬದುಕಿದ್ದವು.

“ಬದಲಾಯಿಸಿದವರೆಲ್ಲ ಮುಳುಗಿದ್ರು” ಎಂದರು ಯಜಮಾನರು. ದನಿಯಲ್ಲಿ ಈಗ ಕೋಪವಿರಲಿಲ್ಲ, ಹಠವೂ ಪೂರ್ತಿ ಬಿಟ್ಟಿರಲಿಲ್ಲ. “ಬೀದಿ ಮೂಲೆಯ ಕುರ್ಚಿ ಅಂಗಡಿಯವನು ಮುಚ್ಚಿದ್ದು ಮತ್ತೆ ಯಾಕೆ?”

ಮೇಸ್ತ್ರಿ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟರು. “ಅವನು ಬದಲಾಯಿಸಲಿಲ್ಲ ಯಜಮಾನ್ರೇ. ನಿಮ್ಮ ಹತ್ರ ಬಂದು ಕೂತು, ಗಾಜಿನೊಳಗಿದ್ದ ಕುರ್ಚೀನ ಹೊಗಳಿದ್ನಲ್ಲ. ನಿಮಗೆ ಖುಷಿಯಾಗಿ ಗಾಜಿನ ಮೇಲಿಂದ್ಲೇ ಅಳತೆ ಬರ್ಕೊಳ್ಳೋಕೂ ಬಿಟ್ರಿ. ಅವನು ಹಾಗೇ ಮಾಡಿದ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ದೆ. ಎರಡು ವರ್ಷ ಜನ ಬಿದ್ದೂ ಬಿದ್ದೂ ಸಾಕಾಗಿ ಅವನ ಅಂಗಡಿ ಕಡೆ ಹೋಗೋದೇ ಬಿಟ್ರು.”

ಯಜಮಾನರು ಬೆಂಚನ್ನು ಹಿಡಿದುಕೊಂಡರು. ಅಪ್ಪ ನೆಟ್ಟ ಆಲದ ಮರ ಎಂದು ನೇಣು ಹಾಕಿಕೊಳ್ಳುತ್ತಾರೆಯೇ ಎಂದು ಜನ ಆಡಿಕೊಳ್ಳುತ್ತಾರಲ್ಲ, ತಾವು ಆ ಹಗ್ಗವನ್ನು ನೆರೆಯವನ ಕೈಗೂ ಕೊಟ್ಟಿದ್ದರು. ಅವನ ಪುಣ್ಯ, ಜೀವ ಹೋಗಲಿಲ್ಲ, ಅಂಗಡಿಯಷ್ಟೇ ಹೋಯಿತು.

“ಹಾಗಾದ್ರೆ ನಮ್ಮಪ್ಪ ಮಾಡಿದ ಕುರ್ಚಿ...” ಎಂದರು. ಅಪ್ಪ ಕೆಟ್ಟ ಕುರ್ಚಿ ಮಾಡಿದರು ಎಂದು ಆ ಬಾಯಿಯಿಂದ ಹೇಗೆ ಬಂದೀತು? ಬಿದ್ದ ನೋವಿಗೆ ಬಾರದ ನೀರು ಈಗ ಕಣ್ಣಿಗೆ ಬಂತು.

ಅಷ್ಟರಲ್ಲಿ ಆಫೀಸಿನಿಂದ ಮ್ಯಾನೇಜರಮ್ಮ ಕರೆದರು. “ಯಜಮಾನ್ರೇ, ಸ್ವಲ್ಪ ಬನ್ನಿ. ಇದರ ತಳದಲ್ಲಿ ಏನೋ ಬರೆದಿದೆ.”

ಹಳೆಯ ಕುರ್ಚಿ ನೆಲದ ಮೇಲೆ ಬಿದ್ದಲ್ಲೇ ಮಗುಚಿಕೊಂಡಿತ್ತು. ಗಾಜಿನೊಳಗೆ ಗೋಡೆಗೆ ಮುಖ ಮಾಡಿದ್ದ ಆಸನದ ತಳ ಮೂವತ್ತೊಂದು ವರ್ಷದ ಮೇಲೆ ಬೆಳಕಿಗೆ ಬಂದಿತ್ತು. ಮರದ ಮೇಲೆ ಪೆನ್ಸಿಲಿನ ಸಾಲುಗಳು. ಬಲಕ್ಕೆ ವಾಲಿದ, ಒತ್ತಿ ಬರೆದ ಆ ಅಕ್ಷರವನ್ನು ಯಜಮಾನರು ಕತ್ತಲಲ್ಲೂ ಗುರುತಿಸಬಲ್ಲರು.

‘೧. ಹಿಂಗಾಲು ಒಳಗೆ ಬಂತು, ಒರಗಿದರೆ ಮಗುಚುತ್ತದೆ. ೨. ಕೀಲಿನಲ್ಲಿ ಬೆರಳು ಸಿಕ್ಕುತ್ತದೆ. ೩. ಮುಂದಿನ ಪಟ್ಟಿ ತೊಡೆ ಕೊರೆಯುತ್ತದೆ. ೪. ಬೆನ್ನು ಚಪ್ಪಟೆ, ಅರ್ಧ ಗಂಟೆ ಕೂರಲಾಗದು.’ ಹೀಗೆ ಒಂಬತ್ತರವರೆಗೆ. ಕೆಲವುಗಳ ಮೇಲೆ ಗೀಟು ಎಳೆದು ‘ಆಯಿತು’ ಎಂದು ಬರೆದಿತ್ತು. ಎಲ್ಲಕ್ಕೂ ಕೆಳಗೆ, ದೊಡ್ಡದಾಗಿ: ‘ಮಾರತಕ್ಕದ್ದಲ್ಲ. ದಿನಾ ನೋಡಲಿಕ್ಕೆ.’

ಯಜಮಾನರು ಅಲ್ಲೇ ಕುಸಿದು ಹತ್ತಿರವಿದ್ದದ್ದರ ಮೇಲೆ ಕುಳಿತರು. ಅಪ್ಪ ಇದನ್ನು ಮೇಜಿನ ಪಕ್ಕಕ್ಕೆ ತೂಗುಹಾಕಿದ್ದು ಹೆಮ್ಮೆಗಲ್ಲ. ತಮ್ಮ ತಪ್ಪು ದಿನವೂ ಕಣ್ಣಿಗೆ ಬೀಳಲಿ ಎಂದು. ಆ ತಪ್ಪುಗಳ ಪಟ್ಟಿಗೆ ಮಗ ಗಾಜು ಹಾಕಿಸಿ, ಬಂದವರಿಂದೆಲ್ಲ ಅದನ್ನು ಮುಟ್ಟಿಸಿ ಮಾತು ತೆಗೆದುಕೊಂಡಿದ್ದ.

“ಇದು ನಿಮಗೆ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು” ಎಂದರು ಮೇಸ್ತ್ರಿ. “ವಾರಕ್ಕೊಂದ್ಸಲ ಕೆಳಗಿಳಿಸಿ ನೋಡೋರು, ಹೊಸ ತಪ್ಪು ಕಂಡ್ರೆ ಬರೀತಿದ್ರು. ಹೋಗೋ ಹಿಂದಿನ ದಿನ ಒಂಬತ್ತನೇದು ಬರೆದ್ರು. ಗಾಜು ಹಾಕಿಸಿದ ದಿನ ಹೇಳೋಣ ಅಂತಲೇ ಬಂದೆ. ನೀವು ಅಳ್ತಾ ಗಾಜು ಒರೆಸ್ತಾ ಇದ್ರಿ. ಅಪ್ಪನ್ನ ಕಳ್ಕೊಂಡ ಹುಡುಗನಿಗೆ, ಅದು ಹಾಳು ಕುರ್ಚಿ ಕಣಪ್ಪಾ ಅಂತ ಹೇಗೆ ಹೇಳ್ಲಿ? ಬಾಯಿ ಬರಲಿಲ್ಲ. ಆಮೇಲೆ ದಿನ ಕಳೆದ ಹಾಗೆ ಹೇಳೋದು ಇನ್ನೂ ಕಷ್ಟ ಆಯ್ತು. ಅವರು ಬಿಟ್ಟಲ್ಲಿಂದ ಮಾಡ್ಕೊಂಡು ಹೋದೆ.”

ಮ್ಯಾನೇಜರಮ್ಮ ತಮ್ಮ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ನೋಡಿ, ಹಳೇ ಕುರ್ಚಿ ಅನ್ನೋರಿಗೆ ಏನು ಹೇಳ್ಬೇಕು ಅಂತ ನನಗೆ ಈಗ ಗೊತ್ತಾಯ್ತು. ಆದ್ರೆ ನಂದೂ ಒಂದು ಇದೆ. ಸಭೆ ನಡೀತಿರುವಾಗ ಯಾರಾದ್ರೂ ಎದ್ರೆ ನಿಮ್ಮ ಕುರ್ಚಿ ಟಕ್ ಅಂತ ಸದ್ದು ಮಾಡುತ್ತೆ, ಎಲ್ಲಾರೂ ಹಿಂದೆ ತಿರುಗ್ತಾರೆ. ಅದನ್ನ ಯಾರು ಸರಿ ಮಾಡ್ತಾರೆ ಅಂತ ಸೋಮವಾರದೊಳಗೆ ಹೇಳಿ. ಮಾಡೋರಿದ್ರೆ ಎಂಟುನೂರೂ ನಿಮಗೇ. ಇಲ್ಲದಿದ್ರೆ ಕಬ್ಬಿಣದ್ದೇ ಆಗ್ಲಿ.” ಬಾಗಿಲ ಹತ್ತಿರ ನಿಂತು, “ಪುಕ್ಕಟೆ ಕೊಡ್ತೀನಿ ಅಂದಿದ್ದನ್ನ ನಾನು ಕೇಳಿಸ್ಕೊಂಡಿಲ್ಲ ಬಿಡಿ” ಎಂದು ಹೇಳಿ ಹೋದರು.

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲಿತ್ತು. ಅವರು ತಮ್ಮ ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡರು, ಹತ್ತರಿಯನ್ನು ಬಟ್ಟೆಯಲ್ಲಿ ಸುತ್ತಿದರು, ಚೀಲವನ್ನು ಹೆಗಲಿಗೇರಿಸಿದರು. ಶನಿವಾರದವರೆಗೆ ಇರಿ ಎಂದಿದ್ದರು, ಶನಿವಾರ ಮುಗಿದಿತ್ತು. ಯಜಮಾನರ ಮುಂದೆ ಬಂದು, “ಬರ್ತೀನಿ ಯಜಮಾನ್ರೇ” ಎಂದರು.

ತಪ್ಪಾಯಿತು ಎನ್ನುವ ಮಾತು ಯಜಮಾನರ ಬಾಯಿಗೆ ಬರಲಿಲ್ಲ. ಮೂವತ್ತೊಂದು ವರ್ಷ ಬಳಸದ ಬಾಗಿಲು ಒಂದು ಸಲ ತಳ್ಳಿದರೆ ತೆರೆಯುವುದಿಲ್ಲ. ಹೆಂಡತಿ ನೋಡುತ್ತಿದ್ದಳು. ಈ ಸಲ ಅವಳು ಸುಮ್ಮನಿದ್ದದ್ದರ ಅರ್ಥ ಅವರಿಗೆ ಚೆನ್ನಾಗಿ ತಿಳಿಯಿತು. ಮೇಸ್ತ್ರಿ ಹೊಸ್ತಿಲ ಹತ್ತಿರ ಹೋದರು.

ಆಗ ಯಜಮಾನರ ಗಮನಕ್ಕೆ ಬಂತು: ತಾವು ಕುಸಿದು ಕುಳಿತದ್ದು ಹೊಸ ಕುರ್ಚಿಯ ಮೇಲೆ. ಮೆತ್ತನೆಯ ಕುರ್ಚಿ ಬಿಟ್ಟು, ತಮ್ಮ ಕಾರ್ಖಾನೆಯ ಕುರ್ಚಿಯಲ್ಲಿ ಅವರು ಇಷ್ಟು ಹೊತ್ತು ಕುಳಿತದ್ದು ಇದೇ ಮೊದಲು. ಮಾರಿದವರು ಅವರು, ಹೊಗಳಿದವರು ಅವರು. ಕುಳಿತವರು ಮಾತ್ರ ಊರಿನವರು. ಅವರು ಸ್ವಲ್ಪ ಆಚೆ ಸರಿದು ಕುಳಿತರು. ಮತ್ತೆ ಈಚೆ ಸರಿದರು.

“ಮೇಸ್ತ್ರಿ” ಎಂದು ಕರೆದರು.

ಮೇಸ್ತ್ರಿ ಹೊಸ್ತಿಲಲ್ಲಿ ನಿಂತರು, ತಿರುಗಲಿಲ್ಲ.

“ಕೂತ್ರೆ ಇಲ್ಲಿ ಚುಚ್ಚುತ್ತೆ ಮೇಸ್ತ್ರಿ. ಮುಂದಿನ ಪಟ್ಟಿ. ಬಲಗಡೆ.”

ಮೂವತ್ತೊಂದು ವರ್ಷದಲ್ಲಿ ಯಜಮಾನರ ಬಾಯಿಂದಲೇ ಬಂದ ಮೊದಲ ದೂರು ಅದು. ಹೆಂಡತಿ ಡಬ್ಬಿಯ ಮುಚ್ಚಳ ತೆಗೆದು ಒಂದು ಖಾಲಿ ಚೀಟಿ ಹುಡುಕಿದಳು.

ಮೇಸ್ತ್ರಿ ಚೀಲವನ್ನು ಕೆಳಗಿಳಿಸಿ ಬಂದು ಯಜಮಾನರ ಮುಂದೆ ಮಂಡಿಯೂರಿದರು. ಪಟ್ಟಿಯ ಬಲತುದಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

“ಎಷ್ಟು ತೆಗೀಬೇಕು?” ಎಂದು ಕೇಳಿದರು ಯಜಮಾನರು.

ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅಂಚಿಗೆ ಒಂದು ಸಣ್ಣ ಗೀಟು ಹಾಕಿದರು.

“ಅರೆನೂಲು ಸಾಕು ಯಜಮಾನ್ರೇ. ಬುಧವಾರ ತೆಗೀತಾ ಇದ್ದಿದ್ದು ಇದನ್ನ.”